ಬರ್ತೀನಿ ಅಂದ ಮೇಲೆ

"ಯಾರೂ ಜೋರಾಗಿ ಉಸಿರು ಕೂಡ ಬಿಡಬಾರದು. ಒಳಗೆ ನನ್ನ ತಂಗಿ ಫಾರಿನ್‌ನವರ ಜೊತೆ ಮಾತಾಡ್ತಿದ್ದಾಳೆ," ಎಂದು ಅಕ್ಕ ಗಿರಾಕಿಗಳನ್ನು ಬೆದರಿಸುತ್ತಿದ್ದದ್ದು ಪರದೆಯ ಹಿಂದೆ ಕುಳಿತ ಸುಕ್ಕಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.

"ನನ್ನ ಪ್ಯಾಂಟು ಆಗಿದ್ರೆ ಕೊಟ್ಬಿಡಮ್ಮಾ, ಆಚೆ ಹೋಗಿ ಉಸಿರು ಬಿಟ್ಕೋತೀನಿ," ಎಂದಿತು ಒಂದು ಗಂಡು ದನಿ.

ಅಕ್ಕನ ಇಸ್ತ್ರಿ ಅಂಗಡಿಗೂ ಹಿಂದಿನ ಮನೆಗೂ ನಡುವೆ ಇದ್ದದ್ದು ಅದೊಂದು ಪರದೆ ಮಾತ್ರ. ಹಾಸ್ಟೆಲಿನ ಇಂಟರ್ನೆಟ್ಟು ಇದ್ದೂ ಇಲ್ಲದ ಹಾಗಿದ್ದುದರಿಂದ ಸುಕ್ಕಿ ಸಂದರ್ಶನಕ್ಕೆ ಅಕ್ಕನ ಮನೆಯನ್ನೇ ನಂಬಿಕೊಂಡು ಬಂದಿದ್ದಳು. ಮುಖದ ಮಟ್ಟಕ್ಕೆ ಬರಲೆಂದು ಲ್ಯಾಪ್‌ಟಾಪನ್ನು ಇಸ್ತ್ರಿಯಾದ ಬಟ್ಟೆಯ ಎರಡು ಗಂಟುಗಳ ಮೇಲೆ ಕೂರಿಸಿದ್ದು ಅಕ್ಕನೇ. ಹಾಗಾಗಿ ಪರದೇಶದ ಮೂವರು ಪ್ರೊಫೆಸರುಗಳು ಈಗ ಯಾರದೋ ಬೆಡ್‌ಶೀಟುಗಳ ಮೇಲೆ ಕುಳಿತು ಸುಕ್ಕಿಯನ್ನು ಪರೀಕ್ಷೆ ಮಾಡುತ್ತಿದ್ದರು. ಒಬ್ಬರು ಶಾಲು ಹೊದ್ದ ಬೆಳ್ಳಿಕೂದಲ ಹೆಂಗಸು, ಸಮಿತಿಯ ಅಧ್ಯಕ್ಷೆ. ಇನ್ನೊಬ್ಬರು ಗಡ್ಡದವರು. ಮೂರನೆಯವರ ಕ್ಯಾಮೆರಾ ಎತ್ತ ತಿರುಗಿತ್ತೋ ಏನೋ, ಶುರುವಿನಿಂದಲೂ ಅವರ ಹಣೆ ಬಿಟ್ಟರೆ ಬೇರೇನೂ ಕಂಡಿರಲಿಲ್ಲ.

ಸುಕ್ಕಿ ಎನ್ನುವುದು ಅವಳ ನಿಜವಾದ ಹೆಸರೇನಲ್ಲ. ತೆಳು ಹಾಳೆಯೊಂದನ್ನು ಮುದುರಿದರೆ ಸುಕ್ಕುಗಳು ಎಲ್ಲೆಲ್ಲಿ ಹುಟ್ಟುತ್ತವೆ, ಬಿಚ್ಚಿ ಮತ್ತೆ ಮುದುರಿದರೆ ಹಳೆಯ ಜಾಗಕ್ಕೇ ಬರುತ್ತವೋ ಹೊಸ ಜಾಗ ಹುಡುಕಿಕೊಳ್ಳುತ್ತವೋ ಎಂಬುದು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಅವಳು ಮಾಡುತ್ತಿದ್ದ ಸಂಶೋಧನೆ. ಇದನ್ನು ಮೊದಲ ಸಲ ಕೇಳಿದ ದಿನ ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, "ಅಲ್ವೇ, ಬೆಳಗಿಂದ ಸಂಜೆವರೆಗೂ ಊರಿನ ಸುಕ್ಕೆಲ್ಲ ತೆಗೆದು ನಾನು ನಿನ್ನ ಓದಿಸಿದ್ದು, ನೀನು ಅಲ್ಲಿ ಹೋಗಿ ಕೂತ್ಕೊಂಡು ಸುಕ್ಕು ಮಾಡ್ಲಿ ಅಂತಾನಾ?" ಎಂದು ಕೇಳಿದ್ದಳು. ಆವತ್ತಿನಿಂದ ಅವಳು ಸುಕ್ಕಿಯಾದಳು. ಬಾಯಿಗೆ ಹತ್ತಿದ ಹೆಸರು ಮತ್ತೆ ಬಿಡಲಿಲ್ಲ.

ಸಂದರ್ಶನ ನಿಜಕ್ಕೂ ಚೆನ್ನಾಗಿ ನಡೆಯುತ್ತಿತ್ತು. ಸುಕ್ಕುಗಳ ಮಾತು ಬಂದರೆ ಸುಕ್ಕಿಗೆ ಯಾವ ಭಾಷೆಯೂ ಅಡ್ಡಿಯಲ್ಲ. ಗಡ್ಡದವರ ಪ್ರಶ್ನೆಗೆ ಪ್ರಶ್ನೆಯನ್ನೇ ತಿರುಗಿಸಿ ಕೇಳಿದಳು. ಹಣೆಯವರು ಲೆಕ್ಕದಲ್ಲಿ ಒಂದು ಕಡೆ ಅನುಮಾನ ಎತ್ತಿದಾಗ ಮುದುರಿದ ಹಾಳೆಯೊಂದನ್ನು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಬಿಚ್ಚಿ, ಅದರ ಚರಪರ ಸದ್ದನ್ನು ಅವರಿಗೂ ಕೇಳಿಸಿ ಉತ್ತರ ಹೇಳಿದಳು. ಹಣೆ ಎರಡು ಸಲ ಮೇಲೆ ಕೆಳಗೆ ಆಡಿತು, ಒಪ್ಪಿಗೆಯೇ ಇರಬೇಕು. ಆ ಪರದೇಶದಲ್ಲಿ ಒಂದು ಯಂತ್ರವಿತ್ತು. ಮುದುರಿದ ಉಂಡೆಯನ್ನು ಬಿಚ್ಚದೆಯೇ ಅದರ ಒಡಲಿನ ಒಂದೊಂದು ಮಡಿಕೆಯನ್ನೂ ಅದು ತೋರಿಸುತ್ತಿತ್ತು. ಇಲ್ಲಿ ಸುಕ್ಕಿ ಬಿಚ್ಚಿ ನೋಡಿಯೇ ಊಹಿಸಬೇಕು, ಬಿಚ್ಚಿದೊಡನೆ ಅರ್ಧ ಸಂಗತಿ ಅಳಿಸಿಹೋಗುತ್ತಿತ್ತು. ಎರಡು ವರ್ಷದ ಆ ಸ್ಕಾಲರ್‌ಶಿಪ್ಪಿಗಾಗಿ, ಅದಕ್ಕಿಂತ ಹೆಚ್ಚಾಗಿ ಆ ಯಂತ್ರಕ್ಕಾಗಿ, ಅವಳು ನಿದ್ದೆಯಲ್ಲೂ ಬಾಯಿ ಬಿಡುತ್ತಿದ್ದಳು.

ಕೊನೆಗೆ ಶಾಲಿನವರು ಕನ್ನಡಕ ತೆಗೆದು ಹೇಳಿದರು: "ನೀವು ಕೇಳಿಕೊಂಡಿರುವುದು ಮುಂದಿನ ವರ್ಷಕ್ಕೆ. ಆದರೆ ಈ ವರ್ಷ ಬರಬೇಕಾಗಿದ್ದ ಒಬ್ಬರು ಬರುತ್ತಿಲ್ಲ. ಇನ್ನು ಎರಡು ತಿಂಗಳಿಗೆ ನೀವು ಬರಲು ಆಗುತ್ತದೆಯೇ? ಆಗದಿದ್ದರೆ ಮುಂದಿನ ವರ್ಷಕ್ಕೆ ನಿಮ್ಮ ಅರ್ಜಿ ಇದ್ದೇ ಇರುತ್ತದೆ, ಆದರೆ ಆಗಿನ ಮಾತನ್ನು ನಾನು ಈಗ ಕೊಡಲಾರೆ. ಅವಸರವೇನಿಲ್ಲ, ಒಂದು ವಾರ ಯೋಚನೆ ಮಾಡಿ ಬರೆಯಿರಿ."

ಎರಡು ತಿಂಗಳು ಎಂದೊಡನೆ ಸುಕ್ಕಿಯ ಕಣ್ಣು ಪರದೆಯ ಕಡೆ ಹೋಯಿತು. ಪರದೆಯ ಆಚೆ ನಿಂತು ಗಿರಾಕಿಗಳ ಬಾಯಿ ಮುಚ್ಚಿಸುತ್ತಿದ್ದ ಅಕ್ಕನಿಗೆ ಏಳು ತಿಂಗಳು ನಡೆಯುತ್ತಿತ್ತು. ಹಿಂದೊಮ್ಮೆ ನಿಂತ ಬಸುರು ಆರನೆಯ ತಿಂಗಳಲ್ಲಿ ಹೋಗಿತ್ತು. ಆಸ್ಪತ್ರೆಯವರು ಒಳಗೆ ಒಬ್ಬರನ್ನೇ ಬಿಡುತ್ತೇವೆ ಎಂದಾಗ ಅಕ್ಕನ ಜೊತೆ ಹೋದವಳು ಸುಕ್ಕಿ. ಆ ದಿನವೆಲ್ಲ ಅಕ್ಕ ಹಿಡಿದುಕೊಂಡದ್ದು ಸುಕ್ಕಿಯ ಕೈ. ಈ ಸಲ ಬಸುರು ನಿಂತ ಸುದ್ದಿ ಹೇಳಿದ ಗಳಿಗೆಯಲ್ಲೇ ಅಕ್ಕ, "ನೀನು ಪಕ್ಕದಲ್ಲಿರ್ಬೇಕು ಕಣೇ. ನೀನಿದ್ರೆ ನಂಗೆ ಧೈರ್ಯ," ಎಂದಿದ್ದಳು. "ಇರ್ತೀನಿ" ಎಂದು ಸುಕ್ಕಿ ಮಾತು ಕೊಟ್ಟಿದ್ದಳು. ಅಮ್ಮ ಹೋದಾಗಿನಿಂದ ಜಡೆ ಹೆಣೆದು, ಜ್ವರಕ್ಕೆ ತಣ್ಣೀರು ಪಟ್ಟಿ ಹಾಕಿ, ಪರೀಕ್ಷೆಯ ಬೆಳಿಗ್ಗೆ ಎಬ್ಬಿಸಿ ಸಾಕಿದ ಅಕ್ಕ ತನಗಾಗಿ ಕೇಳಿದ್ದು ಅದೊಂದನ್ನೇ.

"ಥ್ಯಾಂಕ್ಯೂ, ಯೋಚನೆ ಮಾಡಿ ಬರೆಯುತ್ತೇನೆ" ಎಂದಷ್ಟೇ ಹೇಳಬೇಕಾಗಿತ್ತು. ಆದರೆ ಸುಕ್ಕಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಅಲ್ಲಿಂದ ಎದ್ದುಹೋಗುವುದು. ಗಾಬರಿಯಲ್ಲಿ ತಲೆ ಕನ್ನಡಕ್ಕೆ ಹೊರಳಿತು, ನಾಲಿಗೆ ಇಂಗ್ಲಿಷಿನಲ್ಲೇ ಉಳಿಯಿತು. ಅಕ್ಕನ ಮನೆಯಲ್ಲಿ "ಹೋಗ್ತೀನಿ" ಎಂಬ ಮಾತಿಗೆ ಜಾಗವಿಲ್ಲ. ಮರೆತು ಅಂದ ಗಿರಾಕಿಯನ್ನೂ ಬಾಗಿಲಲ್ಲಿ ನಿಲ್ಲಿಸಿ, "ಬರ್ತೀನಿ ಅನ್ನಿ," ಎಂದು ತಿದ್ದಿಸಿಯೇ ಕಳಿಸುವವಳು ಅಕ್ಕ. ಆ ತರಬೇತಿಯಲ್ಲಿ ಬೆಳೆದ ಸುಕ್ಕಿ, ದೊಡ್ಡವರ ಮುಂದಿನಿಂದ ಏಳುವಾಗ ಹುಟ್ಟಿದಾಗಿನಿಂದ ಏನು ಹೇಳುತ್ತಿದ್ದಳೋ ಅದನ್ನೇ ಹೇಳಿದಳು.

"ಓಕೆ ಮೇಡಂ, ಐ ವಿಲ್ ಕಮ್."

ಎದ್ದುನಿಂತು, ತಲೆ ಬಾಗಿಸಿ, ಲ್ಯಾಪ್‌ಟಾಪು ಮುಚ್ಚಿಬಿಟ್ಟಳು. ತಾನು ಏನು ಅಂದೆ ಎಂಬುದರ ಪರಿವೆಯೂ ಅವಳಿಗಿರಲಿಲ್ಲ.

"ಮುಗೀತಾ? ಏನಂದ್ರು?" ಎಂದು ಅಕ್ಕ ಪರದೆ ಸರಿಸಿದಳು.

"ಚೆನ್ನಾಗಾಯ್ತು. ಬರೀತಾರಂತೆ."

"ಯಾಕೆ ಮುಖ ಹೀಗೆ ಬಿಳಿಚಿಕೊಂಡಿದೆ? ಬೈದ್ರಾ?"

"ಬೈಲಿಲ್ಲ. ಸೆಖೆ, ಅಷ್ಟೆ."

ಸಂಜೆ ಭಾವ ಡ್ಯೂಟಿ ಮುಗಿಸಿ ಬಂದವರು ಟೋಪಿ ಕೂಡ ತೆಗೆಯದೆ, "ಪಾಸಾ ಫೇಲಾ?" ಎಂದು ಕೇಳಿದರು. ಭಾವ ಸಿಟಿ ಬಸ್ಸಿನ ಡ್ರೈವರು. ಎಂಥ ಟ್ರಾಫಿಕ್ಕಿನಲ್ಲೂ ಹಾರ್ನು ಬಾರಿಸದೆ ಬಸ್ಸು ತರುವ ಮನುಷ್ಯ, ತನ್ನದೇ ತೋಳಿಗೆ ಸೂಜಿ ಚುಚ್ಚುವಾಗ ಒಮ್ಮೆ ತಲೆ ತಿರುಗಿ ನರ್ಸಿನ ಮೇಲೆಯೇ ಬಿದ್ದಿದ್ದರು. ಅಂದಿನಿಂದ ಮನೆಯಲ್ಲಿ ಆಸ್ಪತ್ರೆಯ ಮಾತು ಬಂದರೆ ಅಕ್ಕ, "ಇವರನ್ನ ಕರ್ಕೊಂಡು ಹೋದ್ರೆ ಎರಡು ಮಂಚ ಬೇಕಾಗತ್ತೆ," ಎನ್ನುತ್ತಿದ್ದಳು, ಸುಕ್ಕಿ ನಗುತ್ತಿದ್ದಳು, ಭಾವನೂ ನಗುತ್ತಿದ್ದರು.

"ಇನ್ನೂ ಗೊತ್ತಿಲ್ಲ ಭಾವ," ಎಂದಳು ಸುಕ್ಕಿ. ಎರಡು ತಿಂಗಳಿನ ಮಾತನ್ನು ಯಾರಿಗೂ ಹೇಳದೆ ತಾನೇ ಆಗುವುದಿಲ್ಲ ಎಂದು ಬರೆದುಬಿಡುವುದೆಂದು ಅವಳು ಆಗಲೇ ತೀರ್ಮಾನ ಮಾಡಿಕೊಂಡಿದ್ದಳು.

ಮರುದಿನ ಅವಳು ಬರೆಯುವ ಮೊದಲೇ ಅವರ ಇ-ಮೇಲು ಬಂತು. ವಿಭಾಗದ ಪ್ರಯೋಗಶಾಲೆಯಲ್ಲಿ, ಮುದುರಿದ ಹಾಳೆಗಳ ಗಾಜಿನ ಪೆಟ್ಟಿಗೆಗಳ ನಡುವೆ ನಿಂತು ಓದಿದಳು. ಪ್ರತಿ ಪೆಟ್ಟಿಗೆಯ ಮೇಲೂ "ಇದು ಕಸವಲ್ಲ" ಎಂಬ ಚೀಟಿಯಿತ್ತು. ಹಿಂದೆ ಒಂದು ಸಲ ಅರ್ಧ ವರ್ಷದ ಕೆಲಸ ಕಸದ ಬುಟ್ಟಿಗೆ ಹೋದ ಮೇಲೆ ಅವಳ ಗೈಡ್ ತಾವೇ ಬರೆದು ಅಂಟಿಸಿದ ಚೀಟಿಗಳವು. ಇ-ಮೇಲನ್ನು ಎರಡು ಸಲ ಓದಿ, ಗೈಡ್ ಮೇಜಿನ ಹತ್ತಿರ ಹೋಗಿ ಫೋನನ್ನು ಅವರ ಮುಂದಿಟ್ಟಳು.

ಗೈಡ್ ಕನ್ನಡಕವನ್ನು ಹಣೆಗೇರಿಸಿ ಓದಿದರು. "ಅಭಿನಂದನೆಗಳು. ನಿಮ್ಮ ತಕ್ಷಣದ ಒಪ್ಪಿಗೆಯಿಂದ ನಮಗೆಲ್ಲ ಬಹಳ ಸಂತೋಷವಾಗಿದೆ. ಒಂದು ವಾರದ ಸಮಯ ಕೊಟ್ಟರೂ ಬೇಡವೆಂದು, ಎದ್ದುನಿಂತು 'ಬರುತ್ತೇನೆ' ಎಂದು ಹೇಳಿ, ನಾವು ವಂದನೆ ಹೇಳುವ ಮೊದಲೇ ಹೊರಟುಹೋದ ಅಭ್ಯರ್ಥಿಯನ್ನು ನಾವು ಈವರೆಗೆ ಕಂಡಿರಲಿಲ್ಲ..."

"ಎದ್ದುನಿಂತು ಹೇಳಿದೆಯಾ?" ಎಂದರು ಗೈಡ್.

"ಸರ್, ನಾನು ಹಾಗೆ ಹೇಳೇ ಇಲ್ಲ! ನಾನು ಬರ್ತೀನಿ ಅಂದೆ ಅಷ್ಟೆ."

ಗೈಡ್ ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ಅವರ ಭುಜ ಕುಲುಕತೊಡಗಿತು, ಕಣ್ಣಲ್ಲಿ ನೀರು ಬಂತು, ಕರವಸ್ತ್ರ ಹುಡುಕಿದರು, ಸಿಗಲಿಲ್ಲ, ಮುದುರಿದ ಹಾಳೆಯೊಂದನ್ನು ಎತ್ತಿಕೊಳ್ಳಲು ಹೋದರು. "ಸರ್, ಅದು ಕಸವಲ್ಲ," ಎಂದಳು ಸುಕ್ಕಿ. ಅವರಿಗೆ ನಗು ಇನ್ನೂ ಹೆಚ್ಚಾಯಿತು.

"ಅಲ್ಲ ಕಣಮ್ಮಾ, ಎದ್ದು ಹೋಗೋವಾಗ ಬರ್ತೀನಿ ಅನ್ನೋದು ನಮ್ಮ ಚಾಳಿ. ಅವರಿಗೇನು ಗೊತ್ತು? ಬರ್ತೀಯಾ ಅಂತ ಕೇಳಿದ್ರು. ಬರ್ತೀನಿ ಅಂದೆ. ಇದರಲ್ಲಿ ಅವರ ತಪ್ಪೇನಿದೆ?"

"ಈಗೇನು ಮಾಡೋದು ಸರ್?"

"ತಪ್ಪಾಯ್ತು ಅಂತ ಬರೆದ್ರೆ ನಗ್ತಾರೆ, ಒಪ್ಕೋತಾರೆ. ಒಳ್ಳೆ ಜನ ಅವರು. ಆದರೆ ಆ ಜಾಗ ಬೇರೆಯವರಿಗೆ ಹೋಗತ್ತೆ, ಅಷ್ಟೆ. ಮುಂದಿನ ವರ್ಷ ಸಿಗತ್ತೆ ಅಂತ ನಾನಂತೂ ಹೇಳಲ್ಲ." ಅವರು ಕಣ್ಣೊರೆಸಿಕೊಂಡರು. "ಹೋಗೋಕೇನು ಕಷ್ಟ?"

ಸುಕ್ಕಿ ಅಕ್ಕನ ವಿಷಯ ಹೇಳಿದಳು. ಗೈಡ್ ನಗು ನಿಲ್ಲಿಸಿ ಕೇಳಿಸಿಕೊಂಡರು. "ಹಾಗಾದ್ರೆ ಅಕ್ಕನ್ನ ಕೇಳು," ಎಂದಷ್ಟೇ ಹೇಳಿ ಫೋನು ವಾಪಸು ಕೊಟ್ಟರು.

ಅವರಿಗೆ ಹೇಳದೆ ಬಿಟ್ಟ ಸಂಗತಿ ಒಂದಿತ್ತು. ಇ-ಮೇಲಿನ ಮೊದಲ ಸಾಲು ಓದಿದಾಗ ಸುಕ್ಕಿಗೆ ಗಾಬರಿಯಾದದ್ದು ಎರಡನೆಯದು. ಮೊದಲು ಆದದ್ದು ಖುಷಿ. ಕೈಕಾಲು ಹಗುರಾಗುವಂಥ, ಆ ಗಾಜಿನ ಪೆಟ್ಟಿಗೆಗಳ ನಡುವೆ ಕುಣಿದುಬಿಡಬೇಕು ಎನ್ನಿಸುವಂಥ ಖುಷಿ. ಅಕ್ಕನ ನೆನಪು ಆಮೇಲೆ ಬಂತು. ಆ ಹಿಂದುಮುಂದು ಅವಳನ್ನು ಚುಚ್ಚುತ್ತಿತ್ತು.

ಅಂಗಡಿಗೆ ಬಂದಾಗ ಅಕ್ಕ ಯಾರದೋ ಬಿಳಿ ಕೋಟಿಗೆ ನೀರು ಚಿಮುಕಿಸುತ್ತಿದ್ದಳು. ಸುಕ್ಕಿ ಮೊದಲು ನಾಲಿಗೆಯ ಎಡವಟ್ಟನ್ನು ಹೇಳಿದಳು, ನಗುವಂತಹ ಭಾಗ ಮೊದಲು ಮುಗಿಯಲಿ ಎಂದು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಿಡಿದುಕೊಳ್ಳಲು ಹೊಟ್ಟೆಯೂ ಈಗ ಬೇಕಾದಷ್ಟಿತ್ತು.

"ಅಯ್ಯೋ ಪಾಪ, ಆಯಮ್ಮ ಈಗಾಗ್ಲೇ ನಿಂಗೆ ರೂಮು ಗುಡಿಸಿ ಇಟ್ಟಿರ್ತಾರೆ ಕಣೇ! ಹೋಗ್ಲಿ ಬಿಡು, ಹೇಗೂ ಮುಂದಿನ ವರ್ಷ ಹೋಗೋಳೇ ತಾನೇ."

"ಮುಂದಿನ ವರ್ಷ ಅಲ್ಲಕ್ಕಾ. ಇನ್ನೆರಡು ತಿಂಗಳಿಗೆ."

ಇಸ್ತ್ರಿಪೆಟ್ಟಿಗೆ ಕೋಟಿನ ಬೆನ್ನಿನ ಮೇಲೆ ಒಂದು ಗಳಿಗೆ ಹೆಚ್ಚಾಗಿಯೇ ನಿಂತಿತು. ವಾಸನೆ ಏಳುವ ಮೊದಲು ಅಕ್ಕ ಎತ್ತಿದಳು. ಆಮೇಲೆ ತೋಳು, ಕಾಲರು, ಜೇಬಿನ ಅಂಚು, ಒಂದೊಂದೇ ಮುಗಿಸಿ ಕೋಟನ್ನು ಮಡಚಿ ಪಕ್ಕಕ್ಕಿಟ್ಟಳು.

"ಹಾಗಾದ್ರೆ ಬಾಯ್ತಪ್ಪಿ ಬಂತು ಅಂತ ಬರೆದ್ಬಿಡು," ಎಂದಳು.

"ಹೂಂ. ಬರೀತೀನಿ."

ಬರೆದದ್ದೇನೋ ಬರೆದಳು. ಬರೆದ ಒಕ್ಕಣೆಯೂ ಚೆನ್ನಾಗಿತ್ತು, ಕನ್ನಡದ 'ಬರ್ತೀನಿ'ಯ ಅರ್ಥವನ್ನು ವಿವರಿಸುವ ಭಾಗವಂತೂ ಓದಿದವರು ನಗುವ ಹಾಗಿತ್ತು. ಆದರೆ ಕಳಿಸುವ ಗುಂಡಿಗೆ ಬಂದಾಗ ಬೆರಳು ಮೊಂಡು ಹಿಡಿಯಿತು. ಊಟ ಮಾಡಿ ಕಳಿಸೋಣ ಎಂದುಕೊಂಡಳು. ನಾಳೆ ಇನ್ನೊಮ್ಮೆ ತಿದ್ದಿ ಕಳಿಸೋಣ ಎಂದುಕೊಂಡಳು. ಮರುದಿನ ಒಂದು ಅಲ್ಪವಿರಾಮ ತೆಗೆದಳು, ಸಂಜೆ ಅದನ್ನೇ ವಾಪಸು ಹಾಕಿದಳು. ಆ ವಾರ ಹಾಸ್ಟೆಲಿಗೆ ಹೋಗದೆ ಅಕ್ಕನ ಮನೆಯಲ್ಲೇ ಉಳಿದಿದ್ದಳು, ಆದರೂ ಅಕ್ಕ ಕೇಳಲಿಲ್ಲ. ಹೀಗೆ ಅವರು ಕೊಟ್ಟ ವಾರದಲ್ಲಿ ಹೆಚ್ಚುಪಾಲು ಕಳೆಯಿತು.

ಭಾನುವಾರ ಅಂಗಡಿಗೆ ಜನ ಕಡಿಮೆ. ಭಾವನಿಗೂ ರಜೆ. ಅವರು ಬನಿಯನ್ನಿನಲ್ಲಿ ಹೊಸ್ತಿಲ ಹತ್ತಿರ ಕುಳಿತು ಡ್ಯೂಟಿ ಬೂಟಿಗೆ ಪಾಲಿಶ್ ತಿಕ್ಕುತ್ತಿದ್ದರು. ಸುಕ್ಕಿ ಮನೆಮನೆಗೆ ಕೊಡಬೇಕಾದ ಬಟ್ಟೆಗಳನ್ನು ವಿಂಗಡಿಸಿ ಗಂಟು ಕಟ್ಟುತ್ತಿದ್ದಳು. ಅಕ್ಕ ಸ್ಟೂಲಿನ ಮೇಲೆ ಕುಳಿತು ಒಂದು ಲಂಗಕ್ಕೆ ನೆರಿಗೆ ಹಿಡಿಯುತ್ತಿದ್ದವಳು ತಲೆ ಎತ್ತದೆಯೇ ಕೇಳಿದಳು.

"ಬರೆದೆಯಾ?"

"ಬರೆದಿದೀನಿ. ಕಳಿಸ್ಬೇಕು."

"ಬಾಯ್ತಪ್ಪಿ ಆಡಿದ ಒಂದು ಮಾತನ್ನ ತಿದ್ದೋಕೆ ಇಷ್ಟು ದಿನ ಬೇಕಾ?"

"ಸರಿಯಾಗಿ ಬರೀಬೇಕಲ್ಲಕ್ಕಾ. ದೊಡ್ಡ ಜನ. ಬೇಜಾರು ಮಾಡ್ಕೋಬಾರ್ದು."

"ಅವರು ಬೇಜಾರು ಮಾಡ್ಕೊಂಡ್ರೆ ನಂಗೇನು? ನೀನು ಯಾಕೆ ನಾಲ್ಕೈದು ದಿನದಿಂದ ಮುಖ ಊದಿಸ್ಕೊಂಡು ತಿರುಗ್ತಿದ್ದೀಯಾ? ಅನ್ನ ತಟ್ಟೇಲೇ ಇರತ್ತೆ. ಕರೆದ್ರೆ ಕೇಳ್ಸಲ್ಲ. ಏನಾದ್ರೂ ಇದ್ರೆ ಬಾಯಿ ಬಿಟ್ಟು ಹೇಳು."

"ಏನಿಲ್ಲ ಅಂದ್ನಲ್ಲ. ನಾನೇನು ಬೇಕು ಅಂತ ಹೇಳಿದ್ನಾ? ನಾಲಿಗೆ ತಪ್ಪಿ ಬಂತು!"

"ನಾಲಿಗೆ ತಪ್ಪಿದ್ದು ನಂಗೂ ಗೊತ್ತು," ಎಂದು ಅಕ್ಕ ದನಿ ಏರಿಸಿದಳು. "ನಾನು ಕೇಳ್ತಿರೋದು ನಿನ್ನ. ನಾಲಿಗೆಯನ್ನಲ್ಲ."

ಸುಕ್ಕಿ ಗಂಟಿನ ತುದಿಯನ್ನು ಎಳೆದು ಬಿಗಿದಳು, ಮತ್ತೆ ಬಿಚ್ಚಿದಳು. ಇಷ್ಟು ದಿನ ಆ ಎಡವಟ್ಟಿನ ಹಿಂದೆ ಅಡಗಿಕೊಂಡು ಕುಳಿತಿದ್ದಳು. ಹೋದರೂ ನಾನು ಹೋದದ್ದಲ್ಲ, ನಾಲಿಗೆ ಕರೆದುಕೊಂಡು ಹೋಯಿತು ಎಂದು ಹೇಳಿಕೊಳ್ಳಬಹುದಾಗಿತ್ತು. ಉಳಿದರೆ ಅಕ್ಕನಿಗಾಗಿ ಉಳಿದೆ ಎಂದು ಜೀವಮಾನವೆಲ್ಲ ಹೇಳಿಕೊಳ್ಳಬಹುದಾಗಿತ್ತು. ಎರಡೂ ಸುಲಭವಾಗಿದ್ದವು, ಎರಡೂ ಅವಳಿಗೆ ಹೇಸಿಗೆಯೆನ್ನಿಸಿದವು.

"ನಂಗೆ ಹೋಗ್ಬೇಕು ಅಕ್ಕಾ," ಎಂದಳು. "ಈ ವರ್ಷವೇ ಹೋಗ್ಬೇಕು. ಆ ಮೇಲ್ ನೋಡಿದಾಗ ನಂಗೆ ಮೊದಲು ಖುಷಿಯಾಯ್ತು. ನಿನ್ನ ನೆನಪಾಗಿದ್ದು ಆಮೇಲೆ."

"ಹೋಗ್ಬೇಕು" ಎಂದದ್ದನ್ನು ಅಕ್ಕ ತಿದ್ದಲಿಲ್ಲ. ಲಂಗದ ನೆರಿಗೆ ಕೈಯಿಂದ ಜಾರಿ ಬಿಚ್ಚಿಕೊಂಡಿತು, ಅದನ್ನೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಕಣ್ಣು ತುಂಬಿತು. ಆದರೆ ಅಕ್ಕ ಅಳುತ್ತಾ ಸುಮ್ಮನಿರುವ ಹೆಂಗಸಲ್ಲ, ಅಳುತ್ತಲೇ ಬೈದಳು.

"ಹೋಗು! ಯಾರು ಬೇಡ ಅಂದ್ರು? ಓದು ಓದು ಅಂತ ನಾನೇ ಬೆನ್ನು ಹತ್ತಿದ್ದು. ಈಗ ಓದಿದ್ದು ತಪ್ಪು ಅನ್ನೋಕಾಗತ್ತಾ? ಆದರೆ ನಂಗೆ ಭಯ ಆಗತ್ತೆ ಕಣೇ. ಹೇಳ್ಬಾರ್ದು ಅನ್ಕೊಂಡಿದ್ದೆ. ದಿನಾ ಎದ್ದ ಕೂಡ್ಲೇ ಮೊದಲು ಅದು ಒದೀತಾ ಇದ್ಯಾ ಅಂತ ನೋಡ್ಕೋತೀನಿ. ಮತ್ತೆ ಆ ರೂಮಿಗೆ, ಅದೂ ಒಬ್ಳೇ, ಹೋಗೋಕೆ ನಂಗಾಗಲ್ಲ."

"ಒಬ್ಳೇ ಯಾಕೆ?" ಎಂದರು ಭಾವ.

ಇಬ್ಬರೂ ತಿರುಗಿದರು. ಭಾವ ಒಂದು ಬೂಟನ್ನು ಕೈಗೆ ತೊಟ್ಟುಕೊಂಡ ಹಾಗೆಯೇ ಹೊಸ್ತಿಲಲ್ಲಿ ಕುಳಿತಿದ್ದರು. ಅವರು ಅಲ್ಲಿರುವುದನ್ನೇ ಅಕ್ಕತಂಗಿಯರು ಮರೆತಿದ್ದರು.

"ನಾನಿಲ್ವಾ?"

"ನೀವು ಸುಮ್ನಿರಿ," ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತಾ. "ಸೂಜಿ ಕಂಡ್ರೆ ಬೀಳೋರು ನೀವು. ಆವತ್ತೂ ಹೊರಗೇ ಕೂತಿದ್ರಲ್ಲ."

"ಹೌದು, ಹೊರಗೆ ಕೂತಿದ್ದೆ." ಭಾವ ಬೂಟನ್ನು ತೆಗೆದು ಕೆಳಗಿಟ್ಟರು. ಸಾವಕಾಶವಾಗಿ ಮಾತಾಡುವ ಮನುಷ್ಯ, ಪದಗಳನ್ನು ಹುಡುಕುತ್ತಿದ್ದರು. "ಒಬ್ರನ್ನೇ ಬಿಡ್ತೀವಿ ಅಂದ್ರು. ನೀನು ಸುಕ್ಕಿ ಕೈ ಹಿಡ್ಕೊಂಡು ಒಳಗೆ ಹೋದೆ. ಬಾಗಿಲು ಹಾಕಿದ್ರು. ಯಾರಾದ್ರೂ ಕರೀತಾರೆ ಅಂತ ಕೂತಿದ್ದೆ. ಅದು ನಂದೂ ಮಗು ಅಲ್ವಾ? ಸಂಜೆ ತನಕ ಕೂತಿದ್ದೆ. ಯಾರೂ ಕರೀಲಿಲ್ಲ."

ಬೀದಿಯಲ್ಲಿ ಸೈಕಲ್ಲೊಂದು ಗಂಟೆ ಬಾರಿಸುತ್ತಾ ಹೋಯಿತು. ಆ ದಿನ ಹೊರಗೆ ಬಂದಾಗ ಭಾವ ಬೆಂಚಿನಿಂದ ಎದ್ದುನಿಂತದ್ದು, ಅವರ ಪಕ್ಕದಲ್ಲೇ ಹಾದು ತಾನು ಔಷಧಿಯ ಅಂಗಡಿಗೆ ಓಡಿದ್ದು ಸುಕ್ಕಿಗೆ ನೆನಪಿತ್ತು. ಅವರಿಗೆ ಒಂದು ಮಾತನ್ನೂ ಹೇಳಿರಲಿಲ್ಲ. ಇಷ್ಟು ವರ್ಷ ಆ ಬಾಗಿಲಿನ ಒಳಗೆ ತಾನಿದ್ದದ್ದನ್ನು ಅಕ್ಕನಿಗೆ ಮಾಡಿದ ಉಪಕಾರವೆಂದೇ ತಿಳಿದಿದ್ದಳು. ಅದು ಇನ್ನೊಬ್ಬರ ಜಾಗವಾಗಿತ್ತು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಅದರ ಜೊತೆಗೇ, ಹೇಳಿದರೆ ಯಾರೂ ನಂಬದಂತೆ, ಮೈ ಹಗುರಾಯಿತು.

"ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?" ಅಕ್ಕನ ದನಿ ಇಳಿದಿತ್ತು.

"ಯಾರು ಕೇಳಿದ್ರು? ಎರಡು ಮಂಚ ಬೇಕು ಅಂತ ನೀವಿಬ್ರೂ ನಗ್ತಿದ್ರಿ. ನಾನೂ ನಕ್ಕೆ."

"ನಿಜವಾಗ್ಲೂ ತಲೆ ತಿರುಗಿದ್ರೆ?"

ಭಾವ ಯೋಚನೆ ಮಾಡಿದರು. ಸುಳ್ಳು ಹೇಳಲು ಅವರಿಗೆ ಬರುವುದಿಲ್ಲ.

"ಬೀಳ್ತೀನಿ," ಎಂದರು. "ಬಿದ್ರೂ ಒಳಗೇ ಬೀಳ್ತೀನಲ್ಲ."

ಅಕ್ಕನಿಗೆ ಅಳುವಿನ ನಡುವೆಯೇ ನಗು ಉಕ್ಕಿತು. ನಕ್ಕರೆ ಹೊಟ್ಟೆ ನೋಯುತ್ತದೆಂದು ಮೇಜನ್ನು ಹಿಡಿದುಕೊಂಡಳು. ನಕ್ಕು ಮುಗಿಸಿ ಬಹಳ ಹೊತ್ತು ಗಂಡನನ್ನು ನೋಡಿದಳು, ಹೊಸದಾಗಿ ಬಂದ ಗಿರಾಕಿಯನ್ನು ನೋಡುವ ಹಾಗೆ. ಆಮೇಲೆ ಸುಕ್ಕಿಯ ಕಡೆ ತಿರುಗಿದಳು.

"ಏನು ನೋಡ್ತಿದ್ದೀಯಾ? ಆ ಅಮ್ಮನಿಗೆ ಬರಿ. ಈ ಸಲ ಎಡವಟ್ಟು ಮಾಡ್ಬೇಡ, ನೆಟ್ಟಗೆ ಬರಿ."

"ಅಕ್ಕಾ, ನಿಜವಾಗ್ಲೂ..."

"ಬರಿ ಅಂದ್ನಲ್ಲ. ನನ್ನ ಮನಸ್ಸು ಬದಲಾಗೋ ಮುಂಚೆ ಬರಿ. ಇಲ್ಲೇ, ನನ್ನೆದುರಿಗೇ ಬರಿ."

ಸುಕ್ಕಿ ಅಲ್ಲಿಯೇ ಬಟ್ಟೆಯ ಗಂಟುಗಳ ನಡುವೆ ನೆಲದ ಮೇಲೆ ಕುಳಿತು ಫೋನು ತೆಗೆದಳು. ಅಲ್ಪವಿರಾಮಗಳ ಸಮೇತ ಹಳೆಯದನ್ನೆಲ್ಲ ಅಳಿಸಿ ಬೇರೆ ಬರೆದಳು. ಆವತ್ತು ನಾನು ಹೇಳಿದ್ದು ಒಪ್ಪಿಗೆಯಾಗಿರಲಿಲ್ಲ, ನಮ್ಮ ಭಾಷೆಯಲ್ಲಿ ಎದ್ದು ಹೋಗುವವರು ಹಾಗೆ ಹೇಳುತ್ತಾರೆ. ಇಂದು ಹೇಳುತ್ತಿರುವುದು ಒಪ್ಪಿಗೆ. ತಿಳಿದು, ಯೋಚಿಸಿ, ಸಂತೋಷದಿಂದ ಹೇಳುತ್ತಿದ್ದೇನೆ. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದಳು.

"ನಮ್ಮ ಅಕ್ಕ ಭಾವನೂ ಒಪ್ಪಿದ್ದಾರೆ ಅಂತ ಸೇರ್ಸು," ಎಂದಳು ಅಕ್ಕ.

"ಅದನ್ನೆಲ್ಲ ಅವರಿಗೆ ಬರೀತಾರೇನಕ್ಕಾ?"

"ಸೇರ್ಸು. ಹೇಳೋರು ಕೇಳೋರು ಇಲ್ಲದ ಹುಡುಗಿ ಅನ್ಕೋಬಾರ್ದು."

ಸೇರಿಸಿದಳು. ಗುಂಡಿ ಒತ್ತಿದಳು. ಈ ಸಲ ಬೆರಳು ಮೊಂಡು ಹಿಡಿಯಲಿಲ್ಲ. ಮೇಲ್ ಹೋದ ಸಣ್ಣ ಸದ್ದಾಯಿತು. ಆಮೇಲೆ ಭಾವ ಪಾಲಿಶ್ ಡಬ್ಬಿಯ ಮುಚ್ಚಳ ಹಾಕಿ, ಕೈ ತೊಳೆದುಕೊಂಡು ಬರಲು ಒಳಗೆ ಹೋದರು. ವಾಪಸು ಬಂದಾಗ ಅಕ್ಕ ಸ್ಟೂಲಿನ ಮೇಲೆ ಸ್ವಲ್ಪ ಸರಿದು ಕುಳಿತಿದ್ದಳು.

"ಇಲ್ಲಿ ಬನ್ನಿ. ಕೈ ಕೊಡಿ ನೋಡೋಣ."

"ಪಾಲಿಶ್ ವಾಸನೆ ಇದೆ."

"ಇರ್ಲಿ, ಕೊಡಿ."

ಭಾವ ಪಕ್ಕದಲ್ಲಿ ನಿಂತು, ಬಸ್ಸಿನ ಸ್ಟೀರಿಂಗಿಗೆ ಒಗ್ಗಿದ ಆ ದಪ್ಪ ಕೈಯನ್ನು ಮುಂದೆ ಚಾಚಿದರು. ಅಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ, ಇದ್ದ ಬಲವನ್ನೆಲ್ಲ ಹಾಕಿ ಅಮುಕಿದಳು. ಭಾವನ ಹುಬ್ಬು ಗಂಟಾಯಿತು. ಕೈ ಎಳೆದುಕೊಳ್ಳಲಿಲ್ಲ.

"ಇಷ್ಟೇನಾ?" ಎಂದರು.

"ಇದು ಏನೂ ಅಲ್ಲ. ಸುಕ್ಕಿನ ಕೇಳಿ."

ಸುಕ್ಕಿಯನ್ನು ಅವರು ಕೇಳಲಿಲ್ಲ. ಅಕ್ಕ ಕೈ ಬಿಡಲಿಲ್ಲ, ಭಾವ ಕೂರಲೂ ಇಲ್ಲ. ಸುಕ್ಕಿ ಎದ್ದು ಎರಡು ಗಂಟುಗಳನ್ನು ತೋಳಿಗೇರಿಸಿಕೊಂಡಳು. ಮೂಲೆಯ ಮನೆಯವರದು, ಮಹಡಿಯ ಮೇಷ್ಟ್ರದು. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚನ್ನು ಆರಿಸಿ, ಅವರಿಬ್ಬರನ್ನು ಸುತ್ತುಹಾಕಿ ಹೊರಗೆ ಬಂದಳು. ಎದುರುಗಡೆಯಿಂದ ಒಬ್ಬ ಗಿರಾಕಿ ಕೈಯಲ್ಲಿ ಅಂಗಿಗಳನ್ನು ಹಿಡಿದು ರಸ್ತೆ ದಾಟುತ್ತಿದ್ದ. ಅವಳು ಗಂಟುಗಳನ್ನು ಒಂದು ತೋಳಿಗೆ ಬದಲಾಯಿಸಿಕೊಂಡು, ಅಂಗಡಿಯ ಶಟರನ್ನು ಸದ್ದಾಗದಂತೆ ಅರ್ಧಕ್ಕೆ ಇಳಿಸಿದಳು.

"ಅಂಗಡಿ ಇಲ್ವಾ ಇವತ್ತು?" ಎಂದ ಅವನು.

"ಆಮೇಲೆ ಬನ್ನಿ," ಎಂದು ಸುಕ್ಕಿ ಅವನ ಕೈಯ ಅಂಗಿಗಳನ್ನು ತಾನೇ ತೆಗೆದುಕೊಂಡಳು.